ಆನೆ ಬಂತು, ಸರಿ. ಆಮೇಲೆ?

ಗುಬ್ಬಿ ವೀರಣ್ಣನವರ ಹೆಸರು ಎತ್ತಿದರೆ ಸಾಕು, ಎದುರಿಗಿರೋರು ಮೊದಲು ಹೇಳೋದು ಆನೆ ಕಥೆ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರಂತೆ! ‘ಅಂತೆ’ ಏನಿಲ್ಲ, ತಂದಿದ್ದು ನಿಜ. ತುಮಕೂರಿನ ಟೀ ಅಂಗಡಿಯಾಗಲಿ, ಗುಬ್ಬಿ ಬಸ್ ಸ್ಟ್ಯಾಂಡಾಗಲಿ, ಕುದುರೆ ಫಾರ್ಮಿನ ಊರು ಕುಣಿಗಲ್ ಆಗಲಿ, ಈ ಕಥೆಗೆ ಎಲ್ಲೂ ಸೋಲಿಲ್ಲ. ನನ್ನ ತಕರಾರು ಕಥೆಯ ಮೇಲಲ್ಲ. ಅದು ಅಲ್ಲಿಗೇ ನಿಂತುಬಿಡುತ್ತದಲ್ಲ, ಅದರ ಮೇಲೆ. ಆನೆ ಬಂತು, ಸರಿ. ಅದರ ಮುಂದೆ ನಿಂತ ನಟ ಮಾತು ಹೇಗೆ ಆಡಿದ? ಅದನ್ನು ಯಾರೂ ಹೇಳೋದಿಲ್ಲ.

ತೆರೆಮರೆಯ ಕಥೆಗಳಿಗೆ ಹಾಲಿವುಡ್ಡಿನಲ್ಲೂ ಬರವಿಲ್ಲ. 1925ರ ‘ಬೆನ್ ಹರ್’ ಚಿತ್ರದ ರಥದ ಓಟಕ್ಕಾಗಿ ಕುದುರೆಗಳು ಸತ್ತವು. 1939ರ ‘ದಿ ವಿಜರ್ಡ್ ಆಫ್ ಆಜ್’ ಸೆಟ್ಟಿನಲ್ಲಿ ಮಾಟಗಾತಿ ಪಾತ್ರದ ಮಾರ್ಗರೆಟ್ ಹ್ಯಾಮಿಲ್ಟನ್ ಮುಖ, ಕೈ ಸುಟ್ಟುಕೊಂಡರು. ಅದೇ ಚಿತ್ರದ ಬಗ್ಗೆ ಇನ್ನೊಂದು ಪುಕಾರೂ ಇತ್ತು: ಕಾಡಿನ ದೃಶ್ಯದ ಹಿನ್ನೆಲೆಯಲ್ಲಿ ಯಾರೋ ನೇಣು ಹಾಕಿಕೊಂಡಿದ್ದಾರೆ ಅಂತ. ಚಿತ್ರದ ಸ್ವಚ್ಛವಾದ ಪ್ರತಿ ಹಾಕಿ ನೋಡಿದರೆ ಅದು ರೆಕ್ಕೆ ಬಿಚ್ಚಿದ ಒಂದು ದೊಡ್ಡ ಹಕ್ಕಿ, ಅಷ್ಟೇ. ನನಗೆ ಮುಖ್ಯ ಅನ್ನಿಸೋದು ಇದು. ಅಲ್ಲಿ ಕಥೆ ಸುಳ್ಳಾದರೆ ಚಿತ್ರವೇ ಎದ್ದು ಸಾಕ್ಷಿ ಹೇಳುತ್ತದೆ.

ನಮ್ಮಲ್ಲಿ ಸಾಕ್ಷಿಯೇ ಕಾಣೆಯಾಗಿದೆ. ಕನ್ನಡದಲ್ಲಿ ಮೊದಲು ತೆರೆಕಂಡ ಮಾತಿನ ಚಿತ್ರ ‘ಸತಿ ಸುಲೋಚನ’, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ವೈ.ವಿ. ರಾವ್. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಅಷ್ಟೂ ಜನ ಮೈಸೂರು ಸೀಮೆಯಿಂದ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋವರೆಗೆ ಹೋಗಬೇಕಾಯಿತು. ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ಅಂದರೆ ನಮ್ಮ ತುಮಕೂರಿನ ಮಗ್ಗುಲಲ್ಲೇ ಇರೋ ಊರು. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಉಳಿದಿರೋದೇನು? ಸುಮಾರು 40 ಸಾವಿರ ರೂಪಾಯಿ ಖರ್ಚಾಯಿತು, ಎರಡು ತಿಂಗಳು ಶೂಟಿಂಗ್ ನಡೆಯಿತು. ‘ಭಕ್ತ ಧ್ರುವ’ದ ಚಿತ್ರೀಕರಣ ಮೊದಲೇ ಶುರುವಾಗಿದ್ದರೂ ‘ಸತಿ ಸುಲೋಚನ’ ಮೊದಲು ತೆರೆಕಂಡಿತು. ಕ್ವಿಜ್ ಸ್ಪರ್ಧೆಗೆ ಇಷ್ಟು ಸಾಕು. ಆದರೆ ಬೆಳ್ಳಾವೆಯವರ ಮಾತು ಮೈಕಿನ ಮುಂದೆ ಹೇಗೆ ಕೇಳಿಸಿತು? ನಾಟಕದ ಕಂದ, ವೃತ್ತಗಳಿಗೆ ಒಗ್ಗಿದ ಗಂಟಲು ಸಿನಿಮಾಕ್ಕೆ ಏನನ್ನು ಬಿಟ್ಟುಕೊಟ್ಟಿತು? ಚಿತ್ರವಿಲ್ಲದ ಮೇಲೆ ವಿಮರ್ಶೆಗೆ ಜಾಗವಿಲ್ಲ. ಆ ಖಾಲಿ ಜಾಗದಲ್ಲಿ ಬಂದು ಕೂತಿರೋದು ಬರೀ ಹೊಗಳಿಕೆ.

ಹೊಗಳಿಕೆಗೆ ಒಂದು ಚಾಳಿಯಿದೆ. ಎಲ್ಲವನ್ನೂ ಒಬ್ಬರ ಹೆಗಲಿಗೇ ಹಾಕುತ್ತದೆ. ಗುಬ್ಬಿ ಕಂಪನಿಯನ್ನು ವೀರಣ್ಣನವರೇ ಕಟ್ಟಿದರು ಅಂತ ಈಗಲೂ ಭಾಷಣ ಮಾಡ್ತಾರೆ. ಕಂಪನಿ ಶುರುವಾಗಿದ್ದು 1884ರಲ್ಲಿ, ವೀರಣ್ಣ ಹುಟ್ಟಿದ್ದು 1891ರಲ್ಲಿ. ಊರಿನ ನಾಲ್ಕಾರು ಜನ ಹಚ್ಚಿದ ದೀಪಕ್ಕೆ ಅವರು ಎಣ್ಣೆ ಹೊಯ್ದು ದೊಡ್ಡದು ಮಾಡಿದರು. ಇದರಿಂದ ಅವರ ಎತ್ತರ ಒಂದಿಂಚೂ ಕಮ್ಮಿಯಾಗೋದಿಲ್ಲ. ‘ಹರಿಮಾಯಾ’ದಂಥ ಮೂಕಿ ಚಿತ್ರಕ್ಕೆ ದುಡ್ಡು ಸುರಿದ ಧೈರ್ಯ ಅವರದೇ. ಆದರೆ ಆ ಒಂದು ಹೆಸರಿನ ನೆರಳಲ್ಲಿ ಎಷ್ಟು ಜನ ಮುಚ್ಚಿಹೋದರು ನೋಡಿ. ಬಿ. ಜಯಮ್ಮನವರು ಕಂಪನಿಯ ರಂಗದ ಮೇಲೂ ಇದ್ದರು, ಮೂಕಿ ಚಿತ್ರದಲ್ಲೂ ಇದ್ದರು, ‘ಹೇಮರೆಡ್ಡಿ ಮಲ್ಲಮ್ಮ’ದಲ್ಲೂ ಇದ್ದರು. ಮಾತಿಲ್ಲದ ಸಿನಿಮಾ, ಮಾತಿನ ಸಿನಿಮಾ ಎರಡನ್ನೂ ದಾಟಿ ಬಂದ ಕಲಾವಿದೆ. ಬಹಳ ಜನ ಅವರನ್ನು ಪರಿಚಯಿಸೋದು ಮಾತ್ರ ‘ವೀರಣ್ಣನವರ ಪತ್ನಿ’ ಅಂತ.

ಹಾಗಾದರೆ ಕೈಗೆ ಸಿಗೋದು ಏನೂ ಇಲ್ಲವೇ? ಇದೆ. 1954ರ ‘ಬೇಡರ ಕಣ್ಣಪ್ಪ’. ಗುಬ್ಬಿ ಕಂಪನಿ ಮದರಾಸಿನ ಎವಿಎಂ ಜೊತೆ ಸೇರಿ ತೆಗೆದ ಚಿತ್ರ, ನಿರ್ದೇಶನ ಎಚ್.ಎಲ್.ಎನ್. ಸಿಂಹ. 25 ವರ್ಷದ ಮುತ್ತುರಾಜ ಇಲ್ಲಿಂದ ರಾಜ್‌ಕುಮಾರ್ ಆದರು ಅನ್ನೋ ಕಥೆ ಎಲ್ಲರಿಗೂ ಬಾಯಿಪಾಠ. ಆ ಕಥೆಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಚಿತ್ರ ನೋಡಿ. ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್, ಮೂವರೂ ಕಂಪನಿಯ ಅನ್ನ ಉಂಡವರು. ಹಲವು ದೃಶ್ಯಗಳಲ್ಲಿ ಕ್ಯಾಮೆರಾ ನಾಟಕದ ಮುಂದಿನ ಸಾಲಿನಲ್ಲಿ ಕೂತ ಪ್ರೇಕ್ಷಕನ ಹಾಗೆ ಕೂತಿರುತ್ತದೆ. ಅದು ಚಿತ್ರದ ದೌರ್ಬಲ್ಯ, ಒಪ್ಪೋಣ. ಆದರೆ ರಾಜ್‌ಕುಮಾರ್ ಬಾಯಲ್ಲಿ ಪದದ ಕೊನೆಯಕ್ಷರವೂ ನುಂಗಿ ಹೋಗೋದಿಲ್ಲ. ಮೈಕಿಲ್ಲದ ಡೇರೆಯಲ್ಲಿ ಹಿಂದಿನ ಸಾಲಿಗೂ ಮಾತು ಮುಟ್ಟಬೇಕು ಅಂತ ತಂದೆ ಪುಟ್ಟಸ್ವಾಮಯ್ಯನವರಂಥ ನಟರು ರಾತ್ರಿಗಟ್ಟಲೆ ದುಡಿದದ್ದು ಆ ನಾಲಗೆಯಲ್ಲಿದೆ. ಇನ್ನೊಂದು ಕಣ್ಣು ಕೀಳುವ ಮುಂಚೆ ಗುರುತಿಗೆ ಲಿಂಗದ ಮೇಲೆ ಕಾಲಿಡುವ ಗಳಿಗೆ ಬರುತ್ತದಲ್ಲ, ಅಲ್ಲಿ ಮಾತಿಗಿಂತ ಮೈಯೇ ಹೆಚ್ಚು ಆಡುತ್ತದೆ. ಅದು ಸೆಟ್ಟಿನಲ್ಲಿ ಒಂದು ದಿನದಲ್ಲಿ ಕಲಿತದ್ದಲ್ಲ. ಹಾಗಾಗಿ ನಮ್ಮ ಆರಂಭದ ಸಿನಿಮಾಗಳ ನಿಜವಾದ ತೆರೆಮರೆ ಕೊಲ್ಲಾಪುರದಲ್ಲೂ ಇಲ್ಲ, ಮದರಾಸಿನಲ್ಲೂ ಇಲ್ಲ. ಕಂಪನಿಯ ಡೇರೆ ಹಿಂದಿದೆ.

ಆ ಡೇರೆಯ ಹಿಂದಿನ ಕೆಲಸ ಬರೆದವರು ಕಮ್ಮಿ. ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ ಇದೆ. ಮೊಮ್ಮಗಳು ಬಿ. ಜಯಶ್ರೀಯವರ ‘ಕಣ್ಣಾಮುಚ್ಚೇ ಕಾಡೇಗೂಡೇ’ ಇದೆ. ಹಾರ್ಮೋನಿಯಂ ಬಾರಿಸಿದವರು, ಪರದೆ ಎಳೆದವರು, ಮೇಕಪ್ ಹಚ್ಚಿದವರು, ಮಾತು ಮರೆತಾಗ ಸೈಡ್‌ವಿಂಗಿನಿಂದ ಪಿಸುಗುಟ್ಟಿದವರು, ಇವರ ಕಥೆ ಎಲ್ಲಿದೆ? ಮನೆಗಳ ಅಟ್ಟದ ಮೇಲಿನ ಟ್ರಂಕಿನಲ್ಲಿ, ಇಲ್ಲಾ ಎಂಬತ್ತು ದಾಟಿದ ಅಜ್ಜ ಅಜ್ಜಿಯರ ನಾಲಗೆ ತುದಿಯಲ್ಲಿ. ಟ್ರಂಕಿಗೆ ಗೆದ್ದಲಿದೆ, ಅಜ್ಜಂದಿರಿಗೆ ವಯಸ್ಸಿದೆ.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೇ ಇದೆ. ಅಲ್ಲಿ ಒಂದು ಸಂಜೆ ಶಾಲು, ಹಾರ, ಭಾಷಣ ಎಲ್ಲ ಬಿಟ್ಟು ‘ಬೇಡರ ಕಣ್ಣಪ್ಪ’ ಹಾಕಲಿ. ಚಿತ್ರ ಮುಗಿದ ಮೇಲೆ ಕಂಪನಿ ನಾಟಕದ ಒಬ್ಬ ಹಳೇ ನಟರನ್ನೋ ನಟಿಯನ್ನೋ ಕೂರಿಸಿ, ‘ಈ ಮಾತನ್ನ ನೀವಾದ್ರೆ ಹೇಗೆ ಹೇಳ್ತಿದ್ರಿ, ಹೇಳಿ ತೋರಿಸಿ’ ಅಂತ ಕೇಳಲಿ, ರೆಕಾರ್ಡ್ ಮಾಡಿಕೊಳ್ಳಲಿ. ಎಷ್ಟು ಖರ್ಚಾಯಿತು, ಯಾರು ಮೊದಲು ಅನ್ನೋದನ್ನು ಪುಸ್ತಕದಲ್ಲಿ ಯಾವಾಗ ಬೇಕಾದರೂ ಓದಬಹುದು. ಮಾತು ಹೇಳಿ ತೋರಿಸೋರು ಮಾತ್ರ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗ್ತಿದಾರೆ.