ಹೊಳೆಯುವ ಟ್ಯಾಂಕು, ಸೋರುವ ಸೀಲು

ಮೈಸೂರಿನಲ್ಲಿ ಹಳೆಯ ಜಾವಾ ಒಂದು ಹೊಸ ರೂಪ ಪಡೆದು ರಸ್ತೆಗಿಳಿದರೆ ಜನರ ಕಣ್ಣು ಮೊದಲು ಹೋಗುವುದು ಟ್ಯಾಂಕಿನ ಮೇಲೆ. ಕಡುಗೆಂಪು ಬಣ್ಣ, ಪಕ್ಕದಲ್ಲಿ ಕ್ರೋಮ್, ಹಿಂದೆ ಎರಡು ಉದ್ದನೆಯ ಸೈಲೆನ್ಸರ್. ಗೇರ್ ಲಿವರನ್ನೇ ಮೇಲೆತ್ತಿ ಕಿಕ್ಕರ್ ಮಾಡಿಕೊಳ್ಳುವ ಏರ್ಪಾಡನ್ನು ಕಂಡು ಇವತ್ತಿನ ಹುಡುಗರೂ ಬೆರಗಾಗುತ್ತಾರೆ. ಎಂಜಿನ್ನಿನ ಒಳಗೆ ಏನೇನು ಬದಲಾಯಿತು ಎಂದು ಕೇಳುವವರು ಮಾತ್ರ ಕಡಿಮೆ. ಜಾವಾ, ಯೆಜ್ಡಿಗಳ ಪುನರುಜ್ಜೀವನದ ಈಗಿನ ಹುರುಪಿನಲ್ಲಿ ಎದ್ದು ಕಾಣುವ ಕೊರತೆ ಇದೇ.

ಈ ಬೈಕುಗಳು ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಗೆ ಜಯಚಾಮರಾಜ ಒಡೆಯರ ಬೆಂಬಲವಿತ್ತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಇಲ್ಲಿ ತಯಾರಿಕೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, ಮುಂದೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿಂದ ಈಚೆಗೆ ಈ ಗಾಡಿಗಳನ್ನು ಉಳಿಸಿರುವುದು ಹಳೆಯ ದಾಸ್ತಾನು, ಹೊರಗಿನಿಂದ ತರಿಸಿದ ಬಿಡಿಭಾಗ ಮತ್ತು ಗ್ಯಾರೇಜಿನವರ, ಲೇತ್ ಕೆಲಸದವರ ಕೈಚಳಕ. ಆ ಕೈಚಳಕ ದೊಡ್ಡದು. ಅದಕ್ಕೇ ಅದನ್ನು ಬಣ್ಣ, ಕ್ರೋಮಿನಿಂದ ಅಳೆಯುವುದು ಅನ್ಯಾಯ.

ಅಳೆಯಬೇಕಾದದ್ದು ಕ್ರ್ಯಾಂಕಿನ ಎರಡು ತುದಿಗಳಲ್ಲಿ ಕೂತಿರುವ ಆಯಿಲ್ ಸೀಲುಗಳಿಂದ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಸಿಲಿಂಡರಿಗೆ ಹೋಗುವ ಮೊದಲು ಕ್ರ್ಯಾಂಕ್‌ಕೇಸಿನ ಒಳಗೆ ಬರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ನುಗ್ಗುತ್ತದೆ. ಅಂದರೆ ಆ ಕೋಣೆಯೇ ಒಂದು ಪಂಪು. ಅದು ಗಾಳಿ ಬಿಗಿಯಾಗಿರಬೇಕು. ಬಿಗಿಯಾಗಿಡುವುದು ಬೆರಳಿನ ನಡುವೆ ಹಿಡಿಯಬಹುದಾದ ಆ ರಬ್ಬರ್ ಬಳೆಗಳು. ಎಡಗಡೆ, ಕ್ಲಚ್ಚಿನ ಬದಿಯ ಸೀಲು ಸವೆದರೆ ಗೇರ್ ಆಯಿಲ್ ಒಳಕ್ಕೆ ಹೀರಿಕೊಂಡು ಬಿಳಿ ಹೊಗೆ ದಟ್ಟವಾಗುತ್ತದೆ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ. ಬಲಗಡೆ, ಡೈನಮೋ ಬದಿಯದು ಹೋದರೆ ಅಪಾಯ ಇನ್ನೂ ಹೆಚ್ಚು. ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಆಕ್ಸಲೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಮಿತಿಮೀರಿ ಕಾಯುತ್ತದೆ. ಕೊನೆಗೆ ಪಿಸ್ಟನ್ ಸೀಜ್.

ತಪ್ಪು ರಿಪೇರಿ ಶುರುವಾಗುವುದೂ ಇಲ್ಲೇ. ಹೊಗೆ ಕಂಡ ಕೂಡಲೇ ‘ಬೋರ್ ಹೋಗಿದೆ’ ಎಂಬ ತೀರ್ಮಾನ ಬರುತ್ತದೆ. ಸಿಲಿಂಡರ್ ಬಿಚ್ಚಿ ಬೋರ್ ಮಾಡಿಸಿ, ದಪ್ಪ ಪಿಸ್ಟನ್, ಹೊಸ ರಿಂಗ್ ಹಾಕುತ್ತಾರೆ. ಹೊಗೆ ನಿಲ್ಲುವುದಿಲ್ಲ. ಗೇರ್ ಆಯಿಲ್ ಮಟ್ಟ ಇಳಿದಿದೆಯೇ ಎಂದು ಮೊದಲೇ ನೋಡಿದ್ದರೆ ಕಾರಣ ಹೊಳೆಯುತ್ತಿತ್ತು. ಬೋರ್ ಮಾಡುವುದಕ್ಕೆ ಮಿತಿ ಇದೆ; ಬೇಡದ ಕಡೆ ಲೋಹ ಕೆರೆದ ಹಳೆಯ ಸಿಲಿಂಡರು ಮತ್ತೆ ದಪ್ಪವಾಗುವುದಿಲ್ಲ.

ಸೀಲು ಸವೆದದ್ದನ್ನು ಪತ್ತೆಹಚ್ಚುವ ವಿಷಯದಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿನವರಿಗೆ ಒಂದು ಅನುಕೂಲವಿದೆ. 1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿಯ ವಾಟರ್ ಪಂಪಿನಲ್ಲಿ ಸೀಲು ಸವೆದರೆ, ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿ ಮುನ್ಸೂಚನೆ ಕೊಡುತ್ತದೆ. ಪಂಪು ಬಿಚ್ಚಿದವರು ಬೆಲ್ಟು, ಹೋಸ್ ಪೈಪುಗಳನ್ನೂ ಒಟ್ಟಿಗೆ ಬದಲಿಸುವುದು ರೂಢಿ, ಇನ್ನೊಮ್ಮೆ ಬಿಚ್ಚುವ ಪಾಡು ತಪ್ಪಲೆಂದು. ಜಾವಾದ ಸೀಲು ಹಾಗೆ ಹೊರಗೆ ತೊಟ್ಟಿಕ್ಕದು, ಆದರೆ ಒಟ್ಟಿಗೆ ಬದಲಿಸುವ ಆ ಬುದ್ಧಿ ಇಲ್ಲಿಗೂ ಬೇಕು. ಕೇಸು ಬಿಡಿಸಿದ ಮೇಲೆ ಹಳೆಯ ಬೇರಿಂಗನ್ನೇ ಮತ್ತೆ ಕೂರಿಸಿದರೆ ಸೀಲಿಗೆ ಖರ್ಚು ಮಾಡಿದ್ದೂ ವ್ಯರ್ಥ: ಬೇರಿಂಗ್ ಸಡಿಲವಾದರೆ ಕ್ರ್ಯಾಂಕ್ ಅಲುಗುತ್ತದೆ, ಅಲುಗುವ ಕ್ರ್ಯಾಂಕ್ ಹೊಸ ಸೀಲನ್ನು ಬೇಗ ತಿಂದುಹಾಕುತ್ತದೆ.

ಒಳ್ಳೆಯ ಕೆಲಸ ಗೊತ್ತಾಗುವುದು ಸುತ್ತಿಗೆ ಎಷ್ಟು ಕಡಿಮೆ ಬಳಕೆಯಾಯಿತು ಎಂಬುದರಲ್ಲಿ. ಅಲ್ಯೂಮಿನಿಯಂ ಕೇಸನ್ನು ಕಾಯಿಸಿದರೆ ಹೊಸ ಬೇರಿಂಗ್ ಬಡಿಯದೆಯೇ ಕೂರುತ್ತದೆ. ಜಾವಾದ ಕ್ರ್ಯಾಂಕ್ ಬಿಡಿ ತುಂಡುಗಳನ್ನು ಒತ್ತಿ ಜೋಡಿಸಿದ್ದು. ಕನೆಕ್ಟಿಂಗ್ ರಾಡ್ ಬದಲಿಸಲು ಅದನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಎರಡು ಮೊನೆಗಳ ನಡುವೆ ತಿರುಗಿಸಿ, ಡಯಲ್ ಗೇಜ್ ಇಟ್ಟು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ನೇರ ಮಾಡಬೇಕು. ಇದನ್ನು ತಾಳ್ಮೆಯಿಂದ ಮಾಡುವವರು ಬಣ್ಣ ಹೊಡೆಯುವವರಿಗಿಂತ ಹೆಚ್ಚಿನ ಮಜೂರಿ ಕೇಳಿದರೆ ಚೌಕಾಸಿ ಮಾಡಬಾರದು.

ಮುಗಿದ ಮೇಲೆ ಒಂದು ಸರಳ ಪರೀಕ್ಷೆ ಇದೆ. ಕಾರ್ಬುರೇಟರಿನ ಬಾಯಿ ಮತ್ತು ಎರಡೂ ಸೈಲೆನ್ಸರಿನ ದ್ವಾರಗಳನ್ನು ಮುಚ್ಚಿ, ಎಂಜಿನ್ನಿನೊಳಗೆ ಸ್ವಲ್ಪ ಒತ್ತಡದ ಗಾಳಿ ತುಂಬಿ ಒತ್ತಡದ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ಎಂಜಿನ್ನನ್ನು ಚಾಸಿಗೆ ಏರಿಸುವ ಮೊದಲೇ ಸೋರಿಕೆ ಸಿಕ್ಕಿಬೀಳುತ್ತದೆ. ಹೊಸದಾಗಿಸಿದ ಪ್ರತಿ ಎಂಜಿನ್ನಿಗೂ ಇದು ಕಡ್ಡಾಯವಾಗಬೇಕು.

ಮೂಲದಂತೆಯೇ ಇರಬೇಕು ಎಂದು ಹಟ ಹಿಡಿಯುವವರೂ ಉಂಟು. ಬಣ್ಣ, ಲಾಂಛನ, ಸೀಟಿನ ಹೊಲಿಗೆಯಲ್ಲಿ ಅವರ ಹಟ ಸರಿ. ಸೀಲಿನಲ್ಲಿ ಅಲ್ಲ. ಎಥೆನಾಲ್ ಬೆರೆತ ಈಗಿನ ಪೆಟ್ರೋಲು ತೇವ ಹೀರುತ್ತದೆ; ಹಳೆಯ ರಬ್ಬರಿಗೂ ಅದು ಆಗಿಬರುವುದಿಲ್ಲ. ದಾಸ್ತಾನಿನಲ್ಲಿ ದಶಕಗಟ್ಟಲೆ ಕೂತು ಗಟ್ಟಿಯಾದ ‘ಅಸಲಿ’ ಸೀಲಿಗಿಂತ ಇವತ್ತು ಸಿಗುವ ವೈಟಾನ್ ಸೀಲು ಮೇಲು. ಆರು ವೋಲ್ಟಿನ ಡೈನಮೋ ಕಿತ್ತು ಹನ್ನೆರಡು ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಬೇರೆ ಮಾತು. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಅದು ನೆಮ್ಮದಿ, ಆದರೆ ಪಾಯಿಂಟ್ ಗ್ಯಾಪ್ ಸರಿಮಾಡದ ಸೋಮಾರಿತನಕ್ಕೆ ಅದನ್ನು ಮದ್ದಾಗಿ ಮಾರುವುದು ತಪ್ಪು. ಪಾಯಿಂಟಿನ ಮೇಲೆ ದೂರು ಹೊರಿಸಿದ ಎಷ್ಟೋ ಸ್ಟಾರ್ಟಿಂಗ್ ತೊಂದರೆ ಸೀಲಿನದಾಗಿರಬಹುದು.

2018ರ ನವೆಂಬರಿನಲ್ಲಿ ಮರಳಿ ಬಂದ ಜಾವಾ ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದ 293 ಸಿಸಿಯ ಫೋರ್-ಸ್ಟ್ರೋಕ್ ಗಾಡಿ. ಅದಕ್ಕೆ ರೇಡಿಯೇಟರ್ ಇದೆ, ವಾಟರ್ ಪಂಪೂ ಇದೆ. ಹಳೆಯದರ ಟ್ಯಾಂಕಿನ ಚಹರೆ ಅದಕ್ಕೆ ಬಂದಿದೆ. ಯಾದವಗಿರಿಯ ಎಂಜಿನ್ನು ಮಾತ್ರ ಹಳೆಯ ಗಾಡಿಗಳಲ್ಲಿಯೇ ಉಳಿಯಬೇಕು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಸಾಲಾಗಿ ನಿಲ್ಲಿಸಿದ ಗಾಡಿಗಳಲ್ಲಿ ಚೆಂದದ್ದನ್ನು ಆರಿಸುವ ಕಡೆ ತೀರ್ಪುಗಾರರು ಒಂದು ಬದಲಾವಣೆ ತರಲಿ: ತಣ್ಣಗಿನ ಎಂಜಿನ್ ಎಷ್ಟು ಕಿಕ್ಕಿಗೆ ಎದ್ದಿತು, ಬೆಟ್ಟ ಹತ್ತಿ ಇಳಿದ ಮೇಲೆ ರೇಸ್ ನಿಂತಿತೇ, ಗೇರ್ ಆಯಿಲ್ ಇದ್ದಷ್ಟೇ ಇದೆಯೇ ಎಂಬುದಕ್ಕೆ ಅರ್ಧದಷ್ಟು ಅಂಕ ಇಡಲಿ, ಬಹುಮಾನ ಕೊಡುವಾಗ ಎಂಜಿನ್ ಕಟ್ಟಿದ ಮೆಕ್ಯಾನಿಕ್ಕನ್ನೂ ಮಾಲೀಕರ ಜೊತೆಗೆ ವೇದಿಕೆಗೆ ಕರೆಯಲಿ.