ನೆಗೆಟಿವ್ ತಿರುಗಿಸುವ ಐದು ಸಾಲು

ಲೈಟ್ ಪ್ಯಾನೆಲ್ ಮೇಲೆ ಹಳೆಯ 35 ಎಂಎಂ ಕಲರ್ ನೆಗೆಟಿವ್ ಇಟ್ಟು, ಮ್ಯಾಕ್ರೋ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದಾಯಿತು. ಉಳಿದದ್ದು ಪ್ರೋಗ್ರಾಮಿನ ಕೆಲಸ. ಅದನ್ನು ಆಡುಮಾತಿಗೆ ಇಳಿಸಿದರೆ ಐದೇ ಸಾಲು.

ರಾ ಫೈಲ್ ಓದು, ಗಾಮಾ ಹಾಕಬೇಡ.
ಜೆಪೆಗ್ ಆದರೆ ಕ್ಯಾಮೆರಾ ಆಗಲೇ ತನಗೆ ಬೇಕಾದಷ್ಟು ಕಾಂಟ್ರಾಸ್ಟ್ ಏರಿಸಿಬಿಟ್ಟಿರುತ್ತದೆ. ನಮಗೆ ಬೇಕಾದ್ದು ಬರೀ ಬೆಳಕಿನ ಲೆಕ್ಕ: ಬೆಳಕು ಎರಡು ಪಟ್ಟಾದರೆ ಅಂಕಿಯೂ ಎರಡು ಪಟ್ಟಾಗಬೇಕು.

ಎರಡು ಫ್ರೇಮುಗಳ ನಡುವಿನ ಖಾಲಿ ಪಟ್ಟಿಯನ್ನು 'ಬೇಸ್' ಎಂದಿಟ್ಟುಕೋ.
ಆ ಪಟ್ಟಿಯ ಕಿತ್ತಳೆ ಬಣ್ಣ ಪ್ಲಾಸ್ಟಿಕ್ಕಿನದೆಂದು ಅನೇಕರ ನಂಬಿಕೆ. ಅದು ಎಮಲ್ಷನ್‌ನದು, ಬೇಕೆಂದೇ ಇಟ್ಟದ್ದು. ಮಜೆಂಟಾ ಡೈ ಹಸಿರನ್ನಷ್ಟೇ ತಡೆಯಬೇಕು; ಆದರೆ ಕೊಂಚ ನೀಲಿಯನ್ನೂ ನುಂಗುತ್ತದೆ. ಇದಕ್ಕೆ ಮದ್ದಾಗಿ 1940ರ ದಶಕದಲ್ಲಿ ಕೊಡಕ್ ಹಳದಿ ಛಾಯೆಯ ಕಪ್ಲರ್ (ಡೈ ಆಗಿ ಮಾರ್ಪಡುವ ರಾಸಾಯನಿಕ) ಬಳಸಿತು. ಮಜೆಂಟಾ ಮೂಡಿದಷ್ಟೂ ಆ ಹಳದಿ ಖರ್ಚಾಗುತ್ತದೆ, ಮೂಡದ ಕಡೆ ಉಳಿಯುತ್ತದೆ. ಹಾಗಾಗಿ ನೀಲಿಯ ನಷ್ಟ ಚಿತ್ರದುದ್ದಕ್ಕೂ ಒಂದೇ ಸಮ. ಸಯಾನ್ ಪದರಕ್ಕೂ ಇಂಥದ್ದೇ ಉಪಾಯ, ಅಲ್ಲಿ ಕೆಂಪು ಛಾಯೆ. ಎರಡೂ ಸೇರಿ ಕಿತ್ತಳೆ. ಒಂದೇ ಸಮನಾದ ನಷ್ಟವನ್ನು ತೆಗೆಯುವುದು ಸುಲಭ, ಮುಂದಿನ ಸಾಲು ನೋಡಿ.

ಪ್ರತಿ ಪಿಕ್ಸೆಲನ್ನೂ ಬೇಸ್‌ನಿಂದ ಭಾಗಿಸು.
ಕಳೆಯಬೇಡ! ಅರ್ಧ ಬೆಳಕು ಬಿಡುವ ಪದರ ಎರಡಿದ್ದರೆ ದಾಟಿ ಬರುವುದು ಕಾಲು ಭಾಗ. ಅಂದರೆ ಫಿಲ್ಮ್ ಗುಣಿಸುತ್ತದೆ. ಎಡಿಟರ್‌ನಲ್ಲಿ ಸುಮ್ಮನೆ 'ಇನ್ವರ್ಟ್' ಒತ್ತಿದರೆ 255ರಿಂದ ಕಳೆದಂತೆ. ಚಿತ್ರವಿಡೀ ನೀಲಿಗಟ್ಟುತ್ತದೆ, ಆಮೇಲೆ ಎಷ್ಟು ತಿದ್ದಿದರೂ ನೆರಳಿಗೊಂದು ಛಾಯೆ, ಬಿಸಿಲಿಗೊಂದು.

ಮೈನಸ್ ಲಾಗ್ ತೆಗೆ, ಆಯಾ ಬಣ್ಣದ ಇಳಿಜಾರಿನಿಂದ ಭಾಗಿಸು, ಮತ್ತೆ ಸಾಧಾರಣ ಅಂಕಿಗೆ ತಾ.
ಕಪ್ಪು ಬಿಳಿಯಾಗುವುದು ಇಲ್ಲೇ, ಆ ಮೈನಸ್ಸಿನಲ್ಲಿ. ನೆಗೆಟಿವ್‌ನ ಇಳಿಜಾರು, ಅಂದರೆ ಕಾಂಟ್ರಾಸ್ಟ್, ಸುಮಾರು 0.6, ಆದರೆ ಮೂರು ಪದರಗಳದ್ದೂ ಒಂದೇ ಅಲ್ಲ; ವರ್ಷಗಳು ಕಳೆದು ಡೈ ಮಾಸಿದ್ದರೆ ಇನ್ನೂ ಏರುಪೇರು. ಮದುವೆ ಫೋಟೋ ಆದರೆ ಒಂದು ಬಿಳಿ ಪಂಚೆ ಹುಡುಕಿ: ಬಿಸಿಲು ಬಿದ್ದ ಮಡಿಕೆ, ನೆರಳಿನ ಮಡಿಕೆ, ಎರಡೂ ಬಣ್ಣವಿಲ್ಲದೆ ಕಾಣುವವರೆಗೆ ಮೂರು ಅಂಕಿಗಳನ್ನು ಹೊಂದಿಸಿ. ತಾನಾಗಿಯೇ ಎಲ್ಲ ಸರಿಪಡಿಸುತ್ತೇನೆಂಬ ಬಟನ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಸಂಜೆಯ ಹೊಂಬಿಸಿಲನ್ನೂ ಅವು ದೋಷವೆಂದೇ ಅಳಿಸಿಬಿಡುತ್ತವೆ.

ಸ್ಲೈಡ್ ಆದರೆ ನಡುವಿನ ಮೂರು ಸಾಲು ಬಿಡು.
ಸ್ಲೈಡ್ ಮೊದಲೇ ಪಾಸಿಟಿವ್, ಕಿತ್ತಳೆಯೂ ಇಲ್ಲ. ತೊಡಕಿರುವುದು ದಟ್ಟ ನೆರಳಿನಲ್ಲಿ. ಕೆಲವಕ್ಕೆ ಬೇರೆ ಬೇರೆ ಎಕ್ಸ್‌ಪೋಷರಿನ ಎರಡು ಶಾಟ್ ತೆಗೆದು ಜೋಡಿಸಬೇಕು. ಧೂಳಿಗೆ ಮಾತ್ರ ಇಲ್ಲಿ ಸಾಲಿಲ್ಲ. ಧೂಳು ಗುರುತಿಸುವ ಸ್ಕ್ಯಾನರಿನ ಇನ್‌ಫ್ರಾರೆಡ್ ಉಪಾಯ ಮಾಮೂಲಿ ಕ್ಯಾಮೆರಾಗೆ ಬಾರದು, ಕ್ಲಿಕ್ ಮಾಡುವ ಮುನ್ನ ಬ್ಲೋವರ್ ಒತ್ತಬೇಕು.