ಹಸಿದವರಲ್ಲ, ಹಸೀದರು

ಹೋದ ವರ್ಷ ಕಾಲೇಜೊಂದರ ವಿಚಾರಸಂಕಿರಣದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಭಕ್ತಿ ಪರಂಪರೆಗಳ ಬಗ್ಗೆ ಪ್ರಬಂಧ ಓದುತ್ತಿದ್ದ ಹುಡುಗನೊಬ್ಬ ‘ಹಸೀದರು ಯಹೂದಿಗಳ ಪೈಕಿ ಅದ್ವೈತಿಗಳು’ ಎಂದು ಹೇಳಿ ಮುಂದಿನ ಪುಟ ತಿರುವಿದ. ಸಭೆಯಲ್ಲಿ ಯಾರೂ ತಲೆಯೆತ್ತಲಿಲ್ಲ. ನನ್ನ ಕಿವಿ ಮಾತ್ರ ಬಿಸಿಯಾಯಿತು. ಆ ವಾಕ್ಯ ನನ್ನದು. ಎರಡು ವರ್ಷ ಹಿಂದೆ, ರಾತ್ರಿ ಹನ್ನೊಂದರ ಮೇಲೆ ಕೂತು ಕನ್ನಡ ವಿಕಿಪೀಡಿಯಕ್ಕೆ ಬರೆದದ್ದು. ಬರೆದಾಗ ಬಹಳ ಖುಷಿಯಾಗಿತ್ತು. ಉಡುಪಿಯವರಿಗೆ ಇದೊಂದು ಸುಖವಿದೆ: ದ್ವೈತ, ಅದ್ವೈತ ಎಂಬ ಎರಡು ಪೆಟ್ಟಿಗೆ ಮನೆಯಲ್ಲೇ ಇರುತ್ತವೆ, ಜಗತ್ತಿನ ಯಾವ ಮತ ಸಿಕ್ಕಿದರೂ ಒಂದರೊಳಗೆ ತುರುಕಿ ಮುಚ್ಚಳ ಹಾಕಬಹುದು.

ನಾವು ನಾಲ್ಕು ಮಂದಿ. ಕಾಪುವಿನ ಬ್ಯಾಂಕ್ ಗೆಳೆಯ, ಕಾರ್ಕಳದ ನಿವೃತ್ತ ಮಾಷ್ಟ್ರು, ಮಣಿಪಾಲದಲ್ಲಿ ತತ್ತ್ವಶಾಸ್ತ್ರ ಓದುತ್ತಿರುವ ಹುಡುಗಿ, ನಾನು. ತಿಂಗಳಿಗೊಂದು ಭಾನುವಾರ ಮಣಿಪಾಲದ ಹೋಟೆಲೊಂದರಲ್ಲಿ ಕೂತು, ಯಾರ ಲೇಖನದಲ್ಲಿ ಏನು ಸರಿಯಿಲ್ಲ ಎಂದು ಜಗಳವಾಡುವುದು ನಮ್ಮ ಹವ್ಯಾಸ. ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇಲ್ಲ. ಯಹೂದಿ ಧರ್ಮದ ಕಡೆಗೆ ನಾವು ಹೊರಳಿದ್ದು ಆಕಸ್ಮಿಕ. ಪ್ರತಿ ಭಾಷೆಯ ವಿಕಿಪೀಡಿಯದಲ್ಲೂ ಇರಲೇಬೇಕಾದ ಸಾವಿರ ಲೇಖನಗಳ ಪಟ್ಟಿಯೊಂದಿದೆ. ಅದರಲ್ಲಿ ಆ ಧರ್ಮವೂ ಇದೆ. ನಾನು ಎತ್ತಿಕೊಂಡೆ.

ಕೆಲಸ ಶುರುಮಾಡಿದಾಗ ಮೊದಲು ಕಂಡದ್ದು ಮಧ್ಯದ ಖಾಲಿ ಜಾಗ. ಕನ್ನಡದ ಓದುಗನಿಗೆ ಯಹೂದಿಯೆಂದರೆ ಒಂದೋ ಬೈಬಲ್‌ನವನು, ಇಲ್ಲವೇ ಹಿಟ್ಲರನ ಕಾಲದವನು, ಅದೂ ಅಲ್ಲವಾದರೆ ಈಗಿನ ಇಸ್ರೇಲಿನವನು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟುಹೋದ ಮೇಲೆ 1933ರವರೆಗೆ ಅವರು ಏನು ಮಾಡುತ್ತಿದ್ದರು ಎಂಬುದಕ್ಕೆ ನಮ್ಮಲ್ಲಿ ಪದಗಳೇ ಕಡಿಮೆ. ಇರುವ ಪದಗಳೆಲ್ಲ ಕನ್ನಡ ಬೈಬಲ್‌ನಿಂದ ಬಂದವು: ಯೆಹೂದ್ಯರು, ಸಭಾಮಂದಿರ, ಪಸ್ಕಹಬ್ಬ, ಧರ್ಮಶಾಸ್ತ್ರ, ಫರಿಸಾಯರು. ಒಳ್ಳೆಯ ಪದಗಳೇ, ಆದರೆ ಅವು ಕ್ರೈಸ್ತರ ಕಣ್ಣಿನಿಂದ ನೋಡಿದ ಯಹೂದಿಗಳ ಪದಗಳು. ‘ಹಳೆಯ ಒಡಂಬಡಿಕೆ’ ಎಂದು ಬರೆದ ಕೂಡಲೇ ಹೊಸದೊಂದು ಇದೆ ಎಂದು ಒಪ್ಪಿದ ಹಾಗಾಯಿತು. ಯಹೂದಿಗೆ ಅದು ಹಳೆಯದಲ್ಲ, ಅವನು ತನಖ್ ಎನ್ನುತ್ತಾನೆ. ಫರಿಸಾಯ ಎಂದರೆ ನಮಗೆ ಕಪಟಿ. ತಾಲ್ಮುದಿನ ರಬ್ಬಿಗಳಿಗೆ ಅದೇ ಫರಿಸಾಯರು ತಮ್ಮ ಹಿರಿಯರು. ಇದನ್ನೆಲ್ಲ ಒಂದು ಅಡಿಟಿಪ್ಪಣಿಯಲ್ಲೂ ಹೇಳದೆ ಲೇಖನ ಬರೆದರೆ, ವಿಶ್ವಕೋಶ ಎಂಬ ಹೆಸರಿನಲ್ಲಿ ಒಂದು ಹಳೆಯ ವಾದಕ್ಕೆ ನಾವು ಗೊತ್ತಿಲ್ಲದೆ ಸಾಕ್ಷಿ ನುಡಿದಂತೆ.

ಆ ಖಾಲಿ ಜಾಗದಲ್ಲಿ ನಮ್ಮ ಕರಾವಳಿಯೇ ಇದೆ ಎಂಬುದು ಇನ್ನೂ ಬೇಸರದ ಸಂಗತಿ. ಟುನೀಸಿಯಾದ ಮಹ್ದಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಇದ್ದವನು. 1132ರಲ್ಲಿ ಇಲ್ಲೇ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಕೈರೋದ ಗೆನಿಜಾದಲ್ಲಿ ಉಳಿದಿದೆ. ಅಮಿತಾವ್ ಘೋಷ್ 1992ರಲ್ಲಿ ಅವನ ಆಳು ಬೊಮ್ಮನ ಜಾಡು ಹಿಡಿದು ಪುಸ್ತಕ ಬರೆದರು. ಆ ಹೆಸರನ್ನು ಬಿಡಿಸಲು ಅವರು ಮಂಗಳೂರಿಗೆ ಬಂದು ಬಿ.ಎ. ವಿವೇಕ ರೈ ಅವರ ನೆರವು ಪಡೆದರು. ಆ ಶತಮಾನದ ದೊಡ್ಡ ಯಹೂದಿ ಚಿಂತಕ ಮೈಮೊನಿಡೀಸನ ತಮ್ಮ ದಾವೀದ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲೇ ಮುಳುಗಿ ಸತ್ತ. ಅಂದರೆ ಯಹೂದಿ ಚಿಂತನೆ ನಮಗೆ ಪೂರಾ ಪರದೇಶದ್ದೇನಲ್ಲ.

ಹಸೀದರಿಗೆ ಬರುತ್ತೇನೆ. ‘ಚಾಬಾದ್’ ಎಂಬ ಪದವನ್ನು ನಾನು ಮೊದಲು ಕೇಳಿದ್ದು 2008ರ ನವೆಂಬರ್‌ನಲ್ಲಿ, ಮುಂಬೈಯ ನರಿಮನ್ ಹೌಸ್ ಮೇಲೆ ದಾಳಿಯಾದಾಗ. ನನ್ನಂಥ ಹಲವರಿಗೆ ಒಂದು ಚಿಂತನಾ ಪಂಥದ ಪರಿಚಯ ಆದದ್ದು ಗುಂಡಿನ ಸದ್ದಿನ ಜೊತೆಗೆ. ಹತ್ತಾರು ವರ್ಷ ಆ ಪದವನ್ನು ಹಾಗೇ ಉಚ್ಚರಿಸಿದೆ. ಅದು ಚಾಬಾದ್ ಅಲ್ಲ, ಖಬಾದ್. ಖೊಖ್ಮಾ, ಬೀನಾ, ದಾತ್, ಅಂದರೆ ಜಾಣ್ಮೆ, ತಿಳಿವು, ಅರಿವು ಎಂಬ ಮೂರು ಹೀಬ್ರೂ ಪದಗಳ ಮೊದಲಕ್ಷರ ಕೂಡಿಸಿದ ಹೆಸರು. ಗಂಟಲಿನ ಆ ಧ್ವನಿಯನ್ನು ಇಂಗ್ಲಿಷಿನವರು ಬರೆದ ರೀತಿ ನೋಡಿ ನಾವು ಚಕಾರ ಮಾಡಿಬಿಟ್ಟೆವು. ಕಾಪುವಿನ ಗೆಳೆಯನಿಗೆ ಈ ಮಾತು ಎಲ್ಲರಿಗಿಂತ ಬೇಗ ನಾಟಿತು. ಇಂಗ್ಲಿಷ್ ಬೋರ್ಡಿನ ದಯದಿಂದ ಅವನ ಊರನ್ನು ‘ಕೌಪ್’ ಎನ್ನುವವರನ್ನು ತಿದ್ದುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿದೆ. “ಹೀಬ್ರೂವಿನಿಂದ ನೇರ ಬರೀರಿ ಮಾರಾಯ್ರೆ, ಕೌಪ್ ಮಾಡ್ಬೇಡಿ” ಅಂದ. ಇನ್ನು ‘ಹಸಿದ್’ ಎಂದು ಹ್ರಸ್ವದಲ್ಲಿ ಬರೆದರೆ ಕನ್ನಡದಲ್ಲಿ ಆಗುವ ಅನಾಹುತ ಬೇರೆ. ನನ್ನ ಮೊದಲ ಕರಡಿನಲ್ಲಿ ‘ಹಸಿದರ ಪ್ರಾರ್ಥನೆ’ ಎಂದಿದ್ದುದನ್ನು ಓದಿ ಮಾಷ್ಟ್ರು, “ಪಾಪ, ಊಟ ಆದ್ಮೇಲೆ ಮಾಡ್ಲಿ” ಎಂದರು. ದೀರ್ಘ ಹಾಕಿ ಹಸೀದ ಮಾಡಿದೆವು.

ಧ್ವನಿ ತಿದ್ದುವುದು ಸುಲಭ. ಅರ್ಥ ಕಷ್ಟ. 18ನೇ ಶತಮಾನದಲ್ಲಿ, ಈಗಿನ ಉಕ್ರೇನಿನ ಪೊಡೋಲಿಯಾ ಎಂಬ ಪ್ರಾಂತದಲ್ಲಿ, 1760ರಲ್ಲಿ ತೀರಿಕೊಂಡ ಬಾಲ್ ಶೆಮ್ ತೋವ್ ಎಂಬವನಿಂದ ಹಸೀದ ಪಂಥ ಹುಟ್ಟಿತು. ಪಾಂಡಿತ್ಯ ಒಂದೇ ಅಲ್ಲ, ಊಟ, ಹಾಡು, ಕೆಲಸ ಎಲ್ಲದರಲ್ಲೂ ದೇವರಿಗೆ ಅಂಟಿಕೊಂಡಿರಬಹುದು ಎಂಬುದು ಅದರ ತಿರುಳು. ಈ ಅಂಟಿಕೊಳ್ಳುವಿಕೆಗೆ ಅವರ ಮಾತು ದ್ವೇಕುತ್. ನಾನು ‘ಸಾಯುಜ್ಯ’ ಎಂದು ಬರೆದಿದ್ದೆ. ರೆಬ್ಬೆಗೆ ‘ಸ್ವಾಮೀಜಿ’, ಅವನ ಆಸ್ಥಾನಕ್ಕೆ ‘ಮಠ’. ನೋಡಲು ಎಷ್ಟು ಚೆಂದ ಹೊಂದುತ್ತದೆ! ಉಡುಪಿಯ ಅಷ್ಟಮಠಗಳಿಗೆ ಹೆಸರು ಊರುಗಳಿಂದ ಬಂದಿದೆ. ಪಲಿಮಾರು, ಅದಮಾರು ಕಾಪು ಆಸುಪಾಸಿನವೇ. ಹಸೀದರ ಪಂಗಡಗಳಿಗೂ ಹಾಗೆಯೇ ಬೆಲ್ಜ್, ಗೇರ್, ಸಾತ್ಮಾರ್, ಲುಬಾವಿಚ್ ಎಂದು ಪೂರ್ವ ಯುರೋಪಿನ ಊರುಗಳ ಹೆಸರು. ಆ ಊರು ಬಿಟ್ಟು ಬ್ರೂಕ್ಲಿನ್‌ಗೋ ಜೆರುಸಲೇಮಿಗೋ ಹೋಗಿ ಎಷ್ಟೋ ಕಾಲವಾದರೂ ಹೆಸರು ಬಿಟ್ಟಿಲ್ಲ. ಈ ಹೋಲಿಕೆ ನಮ್ಮ ಓದುಗನಿಗೆ ಬಾಗಿಲು ತೆರೆಯುತ್ತದೆ, ಒಪ್ಪುತ್ತೇನೆ. ಆದರೆ ಬಾಗಿಲ ಒಳಗೆ ಹೋದರೆ ಅಲ್ಲಿ ಸನ್ಯಾಸಿಯಿಲ್ಲ. ರೆಬ್ಬೆಗೆ ಹೆಂಡತಿ, ಹತ್ತು ಮಕ್ಕಳು; ಬಹಳ ಕಡೆ ಗಾದಿ ಮಗನಿಗೋ ಅಳಿಯನಿಗೋ. ‘ಮಠ’ ಎಂಬ ಒಂದು ಪದ ಇದನ್ನೆಲ್ಲ ನುಂಗಿ ನೀರು ಕುಡಿಯುತ್ತದೆ.

ಅದ್ವೈತದ ವಿಷಯದಲ್ಲಿ ನನ್ನನ್ನು ಹಿಡಿದವಳು ಮಣಿಪಾಲದ ಹುಡುಗಿ. ಖಬಾದ್ ಪಂಥದ ಸ್ಥಾಪಕ ಶ್ನೇಯರ್ ಜಲ್ಮನ್ 1796ರಲ್ಲಿ ಅಚ್ಚು ಹಾಕಿಸಿದ ತಾನ್ಯ ಎಂಬ ಗ್ರಂಥದಲ್ಲಿ ಒಂದು ಹೋಲಿಕೆಯಿದೆ: ಸೂರ್ಯನ ಕಿರಣ ಹೊರಗೆ ಬಿದ್ದಾಗ ಬೆಳಕಾಗಿ ಕಾಣುತ್ತದೆ, ಸೂರ್ಯನ ಒಳಗೇ ಇದ್ದಾಗ ಅದಕ್ಕೆ ಪ್ರತ್ಯೇಕ ಇರವಿಲ್ಲ, ದೇವರ ಎದುರು ಸೃಷ್ಟಿಯೂ ಹಾಗೆ. ಇದನ್ನು ಓದಿ ನಾನು ಶಂಕರರನ್ನು ಕಂಡೆ. ಅವಳು ಕೇಳಿದ್ದು ಎರಡೇ ಪ್ರಶ್ನೆ. “ಸರ್, ಇದನ್ನು ಅದ್ವೈತ ಅಂತ ಹೇಳಿದ್ದು ಯಾರು, ಮೂಲ ಕೊಡಿ. ಮತ್ತೆ, ಪ್ರಪಂಚ ಇಲ್ಲ ಅಂತಾದ್ರೆ ಅವ್ರು 613 ವಿಧಿಗಳನ್ನು ಒಂದೂ ಬಿಡದೆ ಪಾಲಿಸೋದು ಯಾಕೆ?” ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡನೆಯದಕ್ಕೆ ಉತ್ತರ ಹುಡುಕುವಾಗ ನನ್ನ ವಾಕ್ಯ ಪೂರ್ತಿ ಕುಸಿಯಿತು. ಆ ಗ್ರಂಥದಲ್ಲಿ ಕರ್ಮ ಜ್ಞಾನದ ಕೆಳಗಿನ ಮೆಟ್ಟಿಲಲ್ಲ. ಬಡವನಿಗೆ ಕೊಟ್ಟ ನಾಣ್ಯ, ಬಾಗಿಲ ಚೌಕಟ್ಟಿಗೆ ಹಚ್ಚಿದ ತೊಗಲಿನ ಹಾಳೆ, ಇಂಥ ಜಡ ವಸ್ತುಗಳ ಮೂಲಕವೇ ದೇವರಿಗೆ ಈ ಕೆಳಗಿನ ಲೋಕದಲ್ಲಿ ಮನೆ ಕಟ್ಟುವುದು ಅದರ ಗುರಿ. ದೇವರು ತನ್ನನ್ನು ಕುಗ್ಗಿಸಿಕೊಂಡು ಜಗತ್ತಿಗೆ ಎಡೆ ಮಾಡಿದ ಎಂಬ ತ್ಸಿಮ್ತ್ಸುಮ್ ಕಲ್ಪನೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಬಗ್ಗೆ ಅವರವರಲ್ಲೇ ವಾದವಿತ್ತು. 1772ರಲ್ಲಿ ವಿಲ್ನಾದ ಯಹೂದಿ ಮುಖಂಡರು ಹಸೀದರಿಗೆ ಬಹಿಷ್ಕಾರ ಹಾಕಿದ ಮೇಲೆ ಅಂಥ ವಾದಗಳು ಇನ್ನಷ್ಟು ಬಿಸಿಯಾದವು. ನಾನು ಒಂದು ಪೆಟ್ಟಿಗೆಯ ಮುಚ್ಚಳ ಹಾಕಿ ಆ ಇಡೀ ಜಗಳವನ್ನು ಅಡಗಿಸಿಬಿಟ್ಟಿದ್ದೆ. ಅಷ್ಟಕ್ಕೂ ಉಡುಪಿಯಲ್ಲಿ ಕೂತು ಒಬ್ಬರನ್ನು ಅದ್ವೈತಿ ಎನ್ನುವುದು ತಟಸ್ಥ ಮಾತಾಗಲು ಸಾಧ್ಯವೇ?

ಮೂಲದ ಪ್ರಶ್ನೆ ಇಷ್ಟಕ್ಕೇ ಮುಗಿಯಲಿಲ್ಲ. ಬಾಲ್ ಶೆಮ್ ತೋವ್ ತಾನಾಗಿ ಬರೆದದ್ದು ತೀರ ಕಡಿಮೆ. ಅವನ ಮಾತುಗಳನ್ನು ಉದ್ಧರಿಸುವ ಮೊದಲ ಹಸೀದ ಗ್ರಂಥ ಅಚ್ಚಾದದ್ದು 1780ರಲ್ಲಿ. ಅವನ ಪವಾಡಕಥೆಗಳ ಸಂಗ್ರಹ ಬಂದದ್ದು 1814ರ ಹೊತ್ತಿಗೆ. ಜರ್ಮನ್‌ನಲ್ಲಿ ಬರೆದ ಮಾರ್ಟಿನ್ ಬೂಬರ್ ಈ ಕಥೆಗಳನ್ನೇ ಹಿಡಿದು, 1906ರಿಂದ ತೊಡಗಿ ದಶಕಗಳ ಕಾಲ ಮರುಹೇಳಿ, ಜಗತ್ತಿಗೆ ಹಸೀದರನ್ನು ಪರಿಚಯಿಸಿದ. 1961ರಲ್ಲಿ ಗೆರ್ಶೋಮ್ ಶೋಲೆಮ್ ಅವನ ಮೇಲೆ ಬಿದ್ದ: ನೀನು ಕಥೆ ಆರಿಸಿಕೊಂಡು ತತ್ತ್ವದ ಗ್ರಂಥಗಳನ್ನು ಕಡೆಗಣಿಸಿದೆ, ನಿನ್ನ ಹಸೀದರು ನಿನ್ನದೇ ತತ್ತ್ವಜ್ಞಾನ ಆಡುತ್ತಾರೆ ಎಂದು. ಒಂದು ಪಂಥದ ಬದುಕು ಕಥೆಯಲ್ಲೇ ಉಳಿಯುತ್ತದೆ ಎಂಬುದು ಬೂಬರನ ಪಟ್ಟು.

ವಿಕಿಪೀಡಿಯದ ನಿಯಮದ ಪ್ರಕಾರ ಶೋಲೆಮ್ ಗೆಲ್ಲಬೇಕು: ಅಚ್ಚು, ತಾರೀಕು, ಪುಟಸಂಖ್ಯೆ. ನಾನೂ ಅವನ ಪಕ್ಷವೇ ಆಗಿದ್ದೆ. ಆದರೆ ಆ ತತ್ತ್ವದ ಗ್ರಂಥಗಳಾದರೂ ಹೇಗೆ ಹುಟ್ಟಿದವು? ರೆಬ್ಬೆ ಸಬ್ಬತ್ತಿನ ದಿನ ಯಿಡ್ಡಿಷ್‌ನಲ್ಲಿ ಪ್ರವಚನ ಮಾಡುತ್ತಾನೆ. ಸಬ್ಬತ್ತಿನಂದು ಬರೆಯುವಂತಿಲ್ಲ. ಕೇಳಿದವರು ನೆನಪಿನಲ್ಲಿಟ್ಟುಕೊಂಡು, ದಿನ ಮುಗಿದ ಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡು, ಹೀಬ್ರೂವಿನಲ್ಲಿ ಬರೆದಿಡುತ್ತಾರೆ. ಅಡುಗೆಮನೆಯ ಭಾಷೆಯಲ್ಲಿ ಆಡಿದ್ದು ಶಾಸ್ತ್ರದ ಭಾಷೆಯಲ್ಲಿ ಅಚ್ಚಾಗುತ್ತದೆ. ಬ್ರೆಸ್ಲೋವ್‌ನ ನಾಖ್ಮನ್‌ನ ಕಥೆಗಳನ್ನು 1815ರಲ್ಲಿ ಅಚ್ಚು ಹಾಕಿದವರು ಮೇಲೆ ಹೀಬ್ರೂ, ಕೆಳಗೆ ಯಿಡ್ಡಿಷ್ ಎಂದು ಎರಡನ್ನೂ ಒಂದೇ ಪುಟದಲ್ಲಿಟ್ಟರು. ಪ್ರಾಮಾಣಿಕರು. ಇದನ್ನು ಹೇಳಿದಾಗ ಕಾಪುವಿನವನು ನಕ್ಕ. “ಪಾಡ್ದನ ತುಳುವಿನಲ್ಲಿ ಹಾಡುವುದು, ಪುಸ್ತಕ ಕನ್ನಡದಲ್ಲಿ, ಉಲ್ಲೇಖ ಇಂಗ್ಲಿಷ್ ಲೇಖನದ್ದು. ನಮ್ದೇ ಕಥೆಯಲ್ವಾ?”

ಅವನದೊಂದು ಹಳೆಯ ಗಾಯ ಇದೆ. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ಪಿಲಿಕೋಲ ನಡೆಯುತ್ತದೆ. ಅದನ್ನು ‘ಹುಲಿವೇಷದ ಜನಪದ ನೃತ್ಯ’ ಎಂದು ಯಾರೋ ಬರೆದಿದ್ದರು. ಹುಲಿ ಮುಟ್ಟಬಾರದೆಂದು ಜೀವ ಕೈಯಲ್ಲಿ ಹಿಡಿದು ಓಡುವವನಿಗೆ ಅದು ನೃತ್ಯವಲ್ಲ. ಇನ್ನೂ ಹಿಂದೆ ಹೋದರೆ, ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಬರ್ನೆಲ್ ಕೂಡಿಸಿದ ಪಾಡ್ದನಗಳು ಅವನು ಸತ್ತ ಮೇಲೆ 1894ರಿಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂದದ್ದು ‘ತುಳುವರ ದೆವ್ವಪೂಜೆ’ ಎಂಬ ತಲೆಬರಹದಲ್ಲಿ. ಸಂಗ್ರಹ ಅಮೂಲ್ಯ. ತಲೆಬರಹ ಅಸಹ್ಯ. ನೂರು ವರ್ಷಕ್ಕೂ ಮೇಲೆ ನಾವು ಅದನ್ನು ಉಲ್ಲೇಖಿಸುತ್ತ, ಮುಜುಗರಪಡುತ್ತ ಬಂದಿದ್ದೇವೆ. ಕಾರ್ಕಳದ ಮಾಷ್ಟ್ರ ದೂರು ಸಣ್ಣದು, ಆದರೆ ದಿನನಿತ್ಯದ್ದು: 1432ರ ಬಾಹುಬಲಿಯನ್ನು ‘ಜೈನರ ದೇವರು’ ಎಂದೋ ‘ತೀರ್ಥಂಕರ’ ಎಂದೋ ಬರೆಯುವವರನ್ನು ತಿದ್ದುವುದು. ಅವನು ಸೃಷ್ಟಿಕರ್ತನೂ ಅಲ್ಲ, ಇಪ್ಪತ್ನಾಲ್ವರಲ್ಲಿ ಒಬ್ಬನೂ ಅಲ್ಲ.

ಪದ ಸಿಗದಾಗ ಏನು ಮಾಡಬೇಕೆಂದು ನಮ್ಮ ಊರಿಗೆ ಗೊತ್ತಿಲ್ಲದೇ ಇಲ್ಲ. ಕೋಟದ ಶಿವರಾಮ ಕಾರಂತರು 1936ರಲ್ಲಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ಒಬ್ಬರೇ ಮಾಡಿದವರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರೊಳಗೆ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟ ತಂದಿತು. ಬೇರೆ ಬೇರೆ ಕಡೆಯ, ಬೇರೆ ಬೇರೆ ಜನರ ಆಡುಮಾತಿಗೆ ಅದರಲ್ಲಿ ಜಾಗವಿದೆ. ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟು ಕೈ ತೊಳೆದುಕೊಂಡಿಲ್ಲ. ಇದಕ್ಕೆ ಎದುರಾಗಿ 2009ರ ನಂತರ ಗೂಗಲ್‌ನ ಅನುವಾದ ಯೋಜನೆಯಿಂದ ಕನ್ನಡ ವಿಕಿಪೀಡಿಯಕ್ಕೆ ಬಂದು ಬಿದ್ದ ಉದ್ದುದ್ದ ಲೇಖನಗಳನ್ನು ನೋಡಿ. ಉದ್ದಕ್ಕೆ ಕೊರತೆಯಿಲ್ಲ, ಕನ್ನಡವೇ ಇಲ್ಲ. ಆದರೆ ಅವು ಒಂದು ಉಪಕಾರ ಮಾಡಿವೆ: ಓದಿದ ಕೂಡಲೇ ಅನುಮಾನ ಹುಟ್ಟುತ್ತದೆ. ನನ್ನ ವಾಕ್ಯದ ಅಪಾಯ ಬೇರೆ ಬಗೆಯದು. ಅದು ಒಳ್ಳೆಯ ಕನ್ನಡದಲ್ಲಿತ್ತು. ಸರಾಗವಾಗಿತ್ತು. ಆದ್ದರಿಂದಲೇ ಆ ಹುಡುಗ ನಂಬಿದ.

ಲೇಖನವನ್ನು ಈಗ ತಿದ್ದಿದ್ದೇವೆ. ದ್ವೇಕುತ್ ದ್ವೇಕುತ್ ಆಗಿಯೇ ಇದೆ, ಪಕ್ಕದಲ್ಲಿ ಎರಡು ಸಾಲಿನ ವಿವರಣೆ. ರೆಬ್ಬೆ ರೆಬ್ಬೆಯೇ. ಅಷ್ಟಮಠದ ಹೋಲಿಕೆಯನ್ನು ಉಳಿಸಿಕೊಳ್ಳಲು ನಾನು ಬಹಳ ಹೋರಾಡಿದೆ. ಮೂಲವಿಲ್ಲವೆಂದು ಹುಡುಗಿ ತೆಗೆದಳು, ಅದಕ್ಕೇ ಇಲ್ಲಿ ಬರೆದುಕೊಂಡಿದ್ದೇನೆ. ಬೂಬರ್, ಶೋಲೆಮ್ ಇಬ್ಬರಿಗೂ ಒಂದೊಂದು ಪರಿಚ್ಛೇದ ಸಿಕ್ಕಿತು. ಲೇಖನ ಮೊದಲಿಗಿಂತ ಸ್ವಲ್ಪ ಒರಟಾಗಿದೆ, ಓದುವಾಗ ನಾಲ್ಕು ಕಡೆ ಎಡವಬೇಕಾಗುತ್ತದೆ. ನನಗೆ ಅಡ್ಡಿಯಿಲ್ಲ.

ಸಂಕಿರಣದ ಪ್ರಬಂಧಗಳು ಪುಸ್ತಕವಾಗುತ್ತವೆಂದು ತಿಳಿದು ಆ ಹುಡುಗನ ನಂಬರ್ ಪತ್ತೆಮಾಡಿ ಫೋನ್ ಮಾಡಿದೆ. ವಾಕ್ಯ ತಪ್ಪು, ತೆಗೆದುಬಿಡು ಎಂದೆ. “ಅದು ವಿಕಿಪೀಡಿಯದಲ್ಲೇ ಇತ್ತಲ್ಲ ಸರ್” ಎಂದ. ಹೌದು, ಬರೆದವನು ನಾನೇ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ, “ಹಾಗಾದ್ರೆ ಈಗ ಹೇಳ್ತಿರೋದಕ್ಕೆ ಮೂಲ ಯಾವ್ದು ಸರ್?”